ಬಯಲಾಟಕ್ಕೆ ಗೋಡೆ ಏಕೆ?

ಬಾಸ್ ಗಿಟಾರಿನ ನಾದವನ್ನು ಸೆಕೆಂಡಿಗೆ ಸುಮಾರು 48,000 ಸಲ ಅಳೆದು, ಅಂಕಿಗಳಾಗಿಸಿ, ಬೇಕಾದಂತೆ ಮಾರ್ಪಡಿಸುವ ಡಿಜಿಟಲ್ ಪೆಡಲುಗಳು ಇಂದು ವಾದಕರ ಕಾಲಬಳಿಯಲ್ಲಿವೆ. ಧ್ವನಿವರ್ಧಕದ ಡಿಜಿಟಲ್ ಮಿಕ್ಸರಿನೊಳಗೂ ಇದೇ ತಂತ್ರವುಂಟು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಯಕ್ಷಗಾನದಲ್ಲಿ ಭಾಗವತರ ಕಂಠಕ್ಕೆ ಪ್ರತಿಧ್ವನಿಯನ್ನು ಕೂಡಿಸುವುದು ಈಗ ಒಂದು ಗುಂಡಿ ತಿರುಗಿಸುವಷ್ಟು ಸುಲಭ.

ಯಂತ್ರವನ್ನು ನಾವು ಹಳಿಯುವುದಿಲ್ಲ. ಲೆಕ್ಕವನ್ನು ಮಾತ್ರ ನೋಡೋಣ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಯಂತ್ರವು ಧ್ವನಿಯನ್ನು 300 ಮಿಲಿಸೆಕೆಂಡು ತಡೆದು ಮತ್ತೆ ನುಡಿಸಿದರೆ, ಅದು ಸುಮಾರು 50 ಮೀಟರು ಆಚೆಗಿನ ಗೋಡೆಯಿಂದ ಮರಳಿದ ಪ್ರತಿಧ್ವನಿಗೆ ಸಮ. ಬಯಲಿನಲ್ಲಿ ಅಂಥ ಗೋಡೆಯೇ ಇಲ್ಲ! ಭಾಗವತರು ಸೆಕೆಂಡಿಗೆ 5 ಅಕ್ಷರ ಹಾಡಿದರೆ ಒಂದೊಂದಕ್ಕೆ 200 ಮಿಲಿಸೆಕೆಂಡು. ಮೊದಲ ಅಕ್ಷರದ ಪ್ರತಿಧ್ವನಿ ಎರಡನೆಯ, ಮೂರನೆಯ ಅಕ್ಷರಗಳ ಮೇಲೆ ಬೀಳುವುದು. ಚಂಡೆ ಮದ್ದಳೆಗಳೂ ಸೇರಿದಾಗ ಹಿಂದಿನ ಸಾಲಿನವರಿಗೆ ನಾದ ದಕ್ಕೀತು, ಪದ ದಕ್ಕದು.

ಪದ ತಿಳಿಯದಿದ್ದರೆ ವೇಷಧಾರಿಯ ಅರ್ಥಕ್ಕೆ ಆಧಾರವೆಲ್ಲಿ? ಅಕ್ಷರವರಿಯದ ಹಿರಿಯರೂ ಮಂದರ್ತಿ, ಮಾರಣಕಟ್ಟೆ ಮೇಳಗಳ ಆಟಗಳಲ್ಲಿ ಪುರಾಣವನ್ನು ಅರಿತದ್ದು ಪದವನ್ನೂ ಅರ್ಥವನ್ನೂ ಕೇಳಿಯೇ. ಆದುದರಿಂದ ಪದ್ಯ ಸಾಗುವಾಗ ಪ್ರತಿಧ್ವನಿಯನ್ನು ಇಳಿಸಿ, ಆಲಾಪನೆಗಷ್ಟೇ ಏರಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಎಷ್ಟು ಇಳಿಸಬೇಕೆಂಬುದನ್ನು ಮಿಕ್ಸರಿನ ಮುಂದೆ ಕುಳಿತಲ್ಲ, ಕೊನೆಯ ಸಾಲಿನಲ್ಲಿ ಕುಳಿತು ಕೇಳಿ ನಿರ್ಧರಿಸಬೇಕು.