ಅರಳುಮರಳಲ್ಲ, ರೋಗ

ಅರವತ್ತಕ್ಕೆ ಅರಳುಮರಳೆಂಬ ಗಾದೆಯನ್ನು ನಾವು ಊರಿನಿಂದ ಬುತ್ತಿಯಂತೆ ಕಟ್ಟಿಕೊಂಡು ಬಂದಿದ್ದೇವೆ. ಅದನ್ನು ಇನ್ನಾದರೂ ಕೈಬಿಡಬೇಕೆಂಬುದು ನನ್ನ ನಿಲುವು.

ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರ. ಅದು ಸಾಮಾನ್ಯವಾಗಿ ತಕ್ಕಂತೆ ಮಡಚಿಕೊಂಡಾಗಲೇ ಕಾರ್ಯಕ್ಷಮವಾಗುತ್ತದೆ. ಆ ಸರ ಯಾವ ಕೋನಗಳಲ್ಲಿ ಬಾಗಬಲ್ಲದೆಂಬುದನ್ನು 1963ರಲ್ಲಿ ತೋರಿಸಿಕೊಟ್ಟವರು ಮದರಾಸು ವಿಶ್ವವಿದ್ಯಾನಿಲಯದ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಮಡಿಕೆ ತಪ್ಪಿದರೆ ಪ್ರೋಟೀನುಗಳು ಒಂದಕ್ಕೊಂದು ಅಂಟಿ ರಾಶಿಯಾಗಬಹುದು. ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ 1906ರಲ್ಲಿ ಮರೆವಿನ ರೋಗಿಯೊಬ್ಬಳ ಮಿದುಳಿನಲ್ಲಿ ಕಂಡುದಾಗಿ ವರದಿ ಮಾಡಿದ ಗಂಟುಗಳೂ ಗಡ್ಡೆಗಳೂ ಇಂಥವೇ. ಟೌ ಮತ್ತು ಅಮಿಲಾಯ್ಡ್ ಪ್ರೋಟೀನುಗಳ ಶೇಖರಣೆ. ವೃದ್ಧಾಪ್ಯದ ಮರೆವಿನ ಕಾಯಿಲೆಗಳಲ್ಲಿ ಹೆಚ್ಚಾಗಿ ಕಾಣುವುದು ಈ ರೋಗವೇ. ಪ್ರೋಟೀನಿನ ಆಕಾರವನ್ನು ಮುನ್ನುಡಿಯುವ ಗಣಕ ವಿಧಾನಕ್ಕೆ 2024ರಲ್ಲಿ ನೊಬೆಲ್ ಸಂದಿತು. ಈ ರೋಗವನ್ನು ಗುಣಪಡಿಸುವ ಮದ್ದು ಮಾತ್ರ ಇನ್ನೂ ದೊರೆತಿಲ್ಲ.

ಹಾಗೆಂದು ಕೈಕಟ್ಟಿ ಕೂರುವುದು ಸಲ್ಲದು. ಈ ರೋಗಕ್ಕೆ ತುತ್ತಾದ ಹಲವರಲ್ಲಿ ಅನಂತರ ಕಲಿತ ಭಾಷೆ ಮೊದಲು ಜಾರುತ್ತದೆ, ತಾಯ್ನುಡಿ ಹೆಚ್ಚು ಕಾಲ ಉಳಿಯುತ್ತದೆ. ಹೊರನಾಡಿನ ಹಿರಿಯರನ್ನು ಹಿಂದಿಯಲ್ಲೋ ಮರಾಠಿಯಲ್ಲೋ ಪರೀಕ್ಷಿಸಿದರೆ, ತಡವರಿಸಿದ್ದು ನೆನಪೋ ಭಾಷೆಯೋ ಎಂದು ತಿಳಿಯುವುದೆಂತು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಐದು ಭಾರತೀಯ ಭಾಷೆಗಳಲ್ಲಿ ರೂಪಿಸಿದ ಪರೀಕ್ಷಾಮಾಲೆಯಲ್ಲಿ ಕನ್ನಡವೂ ಇದೆ. ಅದನ್ನು ಕೇಳಿ ಪಡೆಯೋಣ. ರಾಜ್ಯೋತ್ಸವಕ್ಕೆ ವ್ಯಯಿಸುವ ಶ್ರಮದಲ್ಲಿ ಒಂದು ಪಾಲನ್ನು ನಮ್ಮ ಸಂಘಗಳು ಇದಕ್ಕೆ ಮೀಸಲಿಡಲಿ: ಕನ್ನಡ ಬಲ್ಲ ವೈದ್ಯರ ಪಟ್ಟಿ, ಆಸ್ಪತ್ರೆಗೆ ಜೊತೆಯಾಗಿ ಹೋಗುವ ಸದಸ್ಯರು, ವಾರಕ್ಕೊಮ್ಮೆ ಮನೆಗೆ ಹೋಗಿ ಕನ್ನಡದಲ್ಲಿ ಮಾತನಾಡಿಸುವ ಕಾರ್ಯಕರ್ತರು. ಕನ್ನಡ ಉಳಿಸುವ ಕಾರ್ಯದಲ್ಲಿ ಇದಕ್ಕೂ ಸ್ಥಾನವುಂಟು.