ಸೋಫಾ ಕಮ್ ಬೆಡ್ ಮೇಲೆ ಮೊದಲು ನಾವೇ ಮಲಗಬೇಕು

ನಮ್ಮ ಫ್ಲ್ಯಾಟ್‌ನಲ್ಲಿ ನಾಲ್ಕು ಜನ ಇದ್ದೇವೆ. ಎರಡು ರೂಮು, ಒಂದು ಹಾಲ್, ಹಾಲ್‌ನಲ್ಲಿ ಒಂದು ಸೋಫಾ ಕಮ್ ಬೆಡ್. ಹಾಸ್ಟೆಲ್ ಬಿಟ್ಟು ಬಂದಾಗ ನಾವು ಸೇರಿ ಕೊಂಡ ಮೊದಲ ಸಾಮಾನು ಅದೇ. ಗ್ಯಾಸ್ ಸ್ಟವ್‌ಗಿಂತ ಮೊದಲು ಸೋಫಾ ಬಂತು ಅಂದ್ರೆ ನಮ್ಮ ಪ್ರಯಾರಿಟಿ ನಿಮಗೆ ಅರ್ಥ ಆಗಬೇಕು. ಸೆಕೆಂಡ್ ಹ್ಯಾಂಡ್, 4,500 ರೂಪಾಯಿ, ಬೂದು ಬಣ್ಣ, ಕಬ್ಬಿಣದ ಫ್ರೇಮು. ಫೋಟೋದಲ್ಲಿ ಸಖತ್ತಾಗಿತ್ತು. ತಂದು ಹಾಕಿದ ದಿನ ನಾಲ್ಕೂ ಜನ ಅದರ ಮೇಲೆ ಕೂತು ಮ್ಯಾಚ್ ನೋಡಿದೆವು. ಮಲಗಿ ಮಾತ್ರ ಯಾರೂ ನೋಡಲಿಲ್ಲ. ನಮಗೆ ನಮ್ಮ ನಮ್ಮ ಹಾಸಿಗೆ ಇತ್ತಲ್ಲ.

ಎರಡು ತಿಂಗಳ ಮೇಲೆ ನಮ್ಮಲ್ಲೊಬ್ಬನ ತಂದೆ ಹಾವೇರಿ ಕಡೆಯಿಂದ ಬಂದರು. ಆಂಟಿಗೆ ಮಂಡಿ ನೋವು, ಅವರ ಎಕ್ಸ್‌ರೇ, ರಿಪೋರ್ಟು ಎಲ್ಲ ಇಲ್ಲಿನ ಡಾಕ್ಟರಿಗೆ ತೋರಿಸಬೇಕಿತ್ತು. ಒಂದು ಚೀಲದ ತುಂಬ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು. ರಾತ್ರಿ ಊಟ ಆದಮೇಲೆ ನಾವು ಭಾರೀ ಹೆಮ್ಮೆಯಿಂದ ಸೋಫಾ ಎಳೆದು ಬೆಡ್ ಮಾಡಿ, ಹೊಸ ಬೆಡ್‌ಶೀಟ್ ಹಾಸಿ, 'ಅಂಕಲ್, ಇಲ್ಲಿ ಆರಾಮಾಗಿ ಮಲ್ಕೊಳಿ' ಅಂದೆವು. ರಾತ್ರಿ ಮೂರರ ಹೊತ್ತಿಗೆ ನೀರು ಕುಡಿಯೋಕೆ ಎದ್ದಾಗ ನೋಡಿದರೆ ಬೆಡ್ ಖಾಲಿ. ಅಂಕಲ್ ನೆಲದ ಮೇಲೆ, ಬರೀ ಟೈಲ್ಸ್ ಮೇಲೆ ತಮ್ಮ ಪಂಚೆ ಹಾಸಿಕೊಂಡು, ಬ್ಯಾಗನ್ನೇ ದಿಂಬು ಮಾಡಿಕೊಂಡು ಮಲಗಿದ್ದರು.

ಬೆಳಿಗ್ಗೆ ನಾವು ಏಳೋ ಹೊತ್ತಿಗೆ ಸೋಫಾ ಮಡಚಿತ್ತು, ಬೆಡ್‌ಶೀಟ್ ನೀಟಾಗಿ ಮಡಚಿ ಅದರ ಮೇಲಿತ್ತು. 'ನಿದ್ದೆ ಬಂತಾ ಅಂಕಲ್?' ಅಂತ ಕೇಳಿದೆವು. 'ಮಸ್ತ್ ನಿದ್ದಿ ಬಂತ್ ನೋಡ್ರಪಾ' ಅಂದರು. ನಾವೂ 'ಹೌದಾ ಅಂಕಲ್' ಅಂದು ಟೀ ಕೊಟ್ಟೆವು. ಅವರ ಮಗನೂ ಏನೂ ಮಾತಾಡಲಿಲ್ಲ. ಆ ಬೆಳಿಗ್ಗೆ ನೆನಪಾದರೆ ಈಗಲೂ ಒಂಥರಾ ಆಗುತ್ತೆ.

ಈ ಲೇಖನ ಬರೆಯೋಕೆ ಕಾರಣ ಆ ಉತ್ತರವೇ. ನೆಂಟರು ಯಾವತ್ತೂ ನಿಜ ಹೇಳಲ್ಲ. 'ನಿಮ್ಮ ಸೋಫಾದಲ್ಲಿ ಬೆನ್ನು ಹೋಯ್ತು' ಅಂತ ಹೇಳೋ ನೆಂಟರನ್ನ ನಾವಂತೂ ನೋಡಿಲ್ಲ. ದುಡ್ಡು ಕೊಡೋರು ಬೇರೆ, ಮಲಗೋರು ಬೇರೆ, ಮಲಗಿದವರು ಕಂಪ್ಲೇಂಟ್ ಮಾಡಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ ಇದು ಫೀಡ್‌ಬ್ಯಾಕ್ ಇಲ್ಲದ ಸಿಸ್ಟಮ್. ಕೆಟ್ಟ ಸೋಫಾ ಕಮ್ ಬೆಡ್ ಹತ್ತು ವರ್ಷ ಒಂದೇ ಮನೆಯಲ್ಲಿ ಇರುತ್ತೆ, ಮನೆಯವರಿಗೆ ಅದು ಕೆಟ್ಟದು ಅಂತ ಗೊತ್ತೇ ಆಗಲ್ಲ. ಅದಕ್ಕೇ ನಾವು ಹೇಳೋದು: ಕೊಳ್ಳೋಕೆ ಮುಂಚೆ ಅದರ ಮೇಲೆ ನಾವೇ ನೆಂಟರಾಗಿ ಮಲಗಬೇಕು.

ಅಂಗಡಿಯವರು ಇದನ್ನ ಮಾರೋ ರೀತಿಯೂ ಹಾಗೇ ಇದೆ. ಎಲ್ಲರೂ ತೋರಿಸೋದು ಅದು ಎಷ್ಟು ಸುಲಭವಾಗಿ ಬಿಚ್ಚಿಕೊಳ್ಳುತ್ತೆ ಅನ್ನೋದನ್ನ. ಇದು ಹಳೇ ಕಥೆ. ಅಮೆರಿಕದಲ್ಲಿ ಬರ್ನಾರ್ಡ್ ಕ್ಯಾಸ್ಟ್ರೋ ಅನ್ನೋರು 1931ರಲ್ಲಿ ಸೋಫಾ ಬೆಡ್ ಕಂಪನಿ ಶುರು ಮಾಡಿದ್ದರು. 1940ರ ದಶಕದ ಕೊನೆಯಲ್ಲಿ, ಟಿವಿ ಹೊಸದಾಗಿದ್ದಾಗ, ಅವರ ಜಾಹೀರಾತಿನಲ್ಲಿ ಸೋಫಾವನ್ನ ಎಳೆದು ಬೆಡ್ ಮಾಡ್ತಿದ್ದದ್ದು ಅವರದೇ ನಾಲ್ಕು ವರ್ಷದ ಮಗಳು. ಮಗು ಕೂಡ ಬಿಚ್ಚಬಹುದು ಅನ್ನೋದು ಪಾಯಿಂಟ್. ಒಳ್ಳೇ ಐಡಿಯಾ, ಒಪ್ಪೋಣ. ಆದರೆ ಬಿಚ್ಚೋದು ಅರ್ಧ ನಿಮಿಷದ ಕೆಲಸ, ಮಲಗೋದು ಎಂಟು ಗಂಟೆ.

ಅಂಕಲ್ ಊರಿಗೆ ಹೋದಮೇಲೆ ನಾವು ನಮ್ಮ ಸೋಫಾಕ್ಕೆ ಒಂದು ಪೋಸ್ಟ್‌ಮಾರ್ಟಮ್ ಮಾಡಿದೆವು. ನಮ್ಮದು ಮೂರು ಮಡಿಕೆಯದ್ದು, ಮುಂದಕ್ಕೆ ಎಳೆದರೆ ಆರಡಿ ಉದ್ದ ಆಗುತ್ತೆ, ಅಂದ್ರೆ ಎರಡೆರಡು ಅಡಿಯ ಮೂರು ಭಾಗ. ಮಧ್ಯ ಎರಡು ಜಾಯಿಂಟು, ಎರಡೂ ಕಡೆ ಕೆಳಗೆ ಕಬ್ಬಿಣದ ಪೈಪ್ ಅಡ್ಡಡ್ಡ ಹೋಗಿದೆ. ಐದೂ ಮುಕ್ಕಾಲು ಅಡಿಯ ಮನುಷ್ಯ ಮಲಗಿದರೆ ಒಂದು ಪೈಪ್ ಬೆನ್ನಿನ ನಡುವಿಗೆ ಸಿಗುತ್ತೆ, ಇನ್ನೊಂದು ಮೊಣಕಾಲಿನ ಹತ್ತಿರ. ನಡುವಿನ ಭಾಗಕ್ಕೆ ಬರೀ ಬಟ್ಟೆ ಬಿಗಿದಿದ್ದಾರೆ. ಮೈ ಭಾರ ಜಾಸ್ತಿ ಬೀಳೋ ಸೊಂಟ ಅಲ್ಲೇ ಕೆಳಗಿಳಿಯುತ್ತೆ. ಸೊಂಟ ಕೆಳಗೆ, ಬೆನ್ನಿಗೆ ಪೈಪು. ಬೆಂಡಿಂಗ್ ಮೊಮೆಂಟ್ ಡಯಾಗ್ರಾಮ್ ಬರೆದು ಬರೆದು ಕೈ ನೋವು ಬಂದಿರೋ ನಮಗೆ ಇದು ಹೊಳೀಲಿಲ್ಲ ಅನ್ನೋದು ನಾಚಿಕೆ ವಿಷಯ.

ಹಾಗಾಗಿ ಮೊದಲು ನೋಡಬೇಕಾದ್ದು ಬಣ್ಣ ಅಲ್ಲ, ಬ್ರಾಂಡೂ ಅಲ್ಲ. ಜಾಯಿಂಟ್ ಎಲ್ಲಿ ಬರುತ್ತೆ? ಮೈಗೆ ಅಡ್ಡ ಬರುತ್ತಾ, ಉದ್ದಕ್ಕೆ ಬರುತ್ತಾ? ಮೂರು ಮಡಿಕೆಯ ಮುಂದಕ್ಕೆ ಎಳೆಯೋ ಮಾಡೆಲ್‌ಗಳಲ್ಲಿ ಅಡ್ಡ ಬರುತ್ತೆ. ಬೆನ್ನೊರಗೋ ಭಾಗವನ್ನ ಹಿಂದಕ್ಕೆ ಮಲಗಿಸೋ ಮಾಡೆಲ್‌ಗಳಲ್ಲಿ, ಸೀಟಿನ ಕೆಳಗಿಂದ ಹಲಗೆ ಎಳೆಯೋ ಮರದ ಮಾಡೆಲ್‌ಗಳಲ್ಲಿ ಉದ್ದಕ್ಕೆ ಬರುತ್ತೆ. ಉದ್ದಕ್ಕಿದ್ದರೆ ಒಬ್ಬರು ಒಂದು ಬದಿಗೆ ಸರಿದು ಮಲಗಿದರಾಯ್ತು, ಜಾಯಿಂಟ್ ಮೈಗೆ ತಾಕೋದೇ ಇಲ್ಲ. ಅಡ್ಡ ಇದ್ದರೆ ಎಲ್ಲಿ ಸರಿದರೂ ತಪ್ಪಿಸಿಕೊಳ್ಳೋಕೆ ಆಗಲ್ಲ.

ಆಮೇಲೆ ಫೋಮು. ಯಾವ ಅಂಗಡಿಗೆ ಹೋದರೂ '40 ಡೆನ್ಸಿಟಿ ಸಾರ್' ಅಂತಾರೆ. ಕೇಳೋಕೆ ಗಟ್ಟಿತನದ ನಂಬರ್ ಥರ ಇದೆ, ಆದರೆ ಅಲ್ಲ. 40 ಡೆನ್ಸಿಟಿ ಅಂದ್ರೆ ಒಂದು ಘನ ಮೀಟರ್ ಫೋಮ್ 40 ಕಿಲೋ ತೂಗುತ್ತೆ ಅಂತ, ಅಷ್ಟೇ. ಡೆನ್ಸಿಟಿ ಹೆಚ್ಚಿದ್ದೂ ಮೆತ್ತಗಿರೋ ಫೋಮ್ ಇದೆ, ಕಡಿಮೆ ಇದ್ದೂ ಗಟ್ಟಿ ಅನ್ನಿಸೋ ಫೋಮ್ ಇದೆ. ಆದರೆ ಸಾಮಾನ್ಯವಾಗಿ ಡೆನ್ಸಿಟಿ ಕಡಿಮೆ ಇರೋದು ಬೇಗ ಕೂತುಬಿಡುತ್ತೆ, ಮತ್ತೆ ಎದ್ದೇಳಲ್ಲ. ಖುಷಿ ವಿಷಯ ಏನಂದ್ರೆ ಇದನ್ನ ಚೆಕ್ ಮಾಡೋಕೆ ಲ್ಯಾಬ್ ಬೇಡ. ಆರಡಿ ಉದ್ದ, ಮೂರಡಿ ಅಗಲ, ನಾಲ್ಕಿಂಚು ದಪ್ಪದ ಫೋಮ್ ಅಂದ್ರೆ ಸುಮಾರು 0.17 ಘನ ಮೀಟರ್. 40 ಡೆನ್ಸಿಟಿ ನಿಜವಾದರೆ ಅದು 6.8 ಕಿಲೋ ಇರಬೇಕು, 32 ಆದರೆ 5.4 ಕಿಲೋ. ಕವರ್ ತೆಗೆದು, ಲಗೇಜ್ ತೂಗೋ ಕೊಕ್ಕೆ ತಕ್ಕಡಿಗೆ ನೇತುಹಾಕಿ. ನಮ್ಮ ಮೂರಿಂಚಿನ ಫೋಮನ್ನ ಹಾಗೆ ತೂಗಿದರೆ ಬಂದದ್ದು 2.2 ಕಿಲೋ. ಲೆಕ್ಕ ಹಾಕಿದರೆ ಡೆನ್ಸಿಟಿ 17ರ ಹತ್ತಿರ. ನಮಗೆ ಮಾರಿದವರು 40 ಅಂದಿದ್ದರು. (ಒಂದು ಎಚ್ಚರಿಕೆ: ಚೂರು ಫೋಮ್‌ಗಳನ್ನ ಅಂಟಿಸಿ ಮಾಡೋ ರೀಬಾಂಡೆಡ್ ಫೋಮ್ ತುಂಬಾ ಭಾರ ಇರುತ್ತೆ, ಹಲಗೆ ಥರ ಗಟ್ಟಿ ಕೂಡ. ಅದು ಅಡಿಯಲ್ಲಿ ಇರಲಿ, ಮೇಲೆ ಒಂದೆರಡು ಇಂಚು ಮೆತ್ತನೆಯದು ಬೇಕು. ತೂಕ ನೋಡಿ ಮೋಸ ಹೋಗಬೇಡಿ, ಕವರಿನ ಜಿಪ್ ತೆಗೆದು ಕಣ್ಣಲ್ಲಿ ನೋಡಿ.)

ಇಷ್ಟೆಲ್ಲ ಹೇಳಿದಾಗ ಪಕ್ಕದ ಫ್ಲ್ಯಾಟಿನ ಫೈನಲ್ ಇಯರ್ ಅಣ್ಣಂದಿರು ನಕ್ಕರು. ವರ್ಷಕ್ಕೆ ಎರಡು ಸಲ ಬರೋ ನೆಂಟರಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ, ನೆಲಕ್ಕೆ ಒಂದು ಹಾಸಿಗೆ ಹಾಕಿದರೆ ಮುಗೀತಲ್ಲ ಅಂದರು. ಅವರ ಮಾತಲ್ಲಿ ಅರ್ಧಕ್ಕಿಂತ ಜಾಸ್ತಿ ಸತ್ಯ ಇದೆ. ನಮ್ಮ ಅಜ್ಜಿ ಮನೆಗಳಲ್ಲಿ ಸೋಫಾ ಕಮ್ ಬೆಡ್ ಎಲ್ಲಿತ್ತು? ಅಟ್ಟದ ಮೇಲಿಂದ ಹಾಸಿಗೆ ಇಳಿಸೋರು, ಜಮಖಾನ ಹಾಸೋರು, ಹಾವೇರಿ ಕಡೆ ಆದರೆ ಕೌದಿ. ಮದುವೆಗೆ ಇಪ್ಪತ್ತು ಜನ ಬಂದರೂ ಜಾಗ ಆಗ್ತಿತ್ತು. ಗಟ್ಟಿ ನೆಲದ ಮೇಲೆ ಒಳ್ಳೇ ಹತ್ತಿ ಹಾಸಿಗೆ ಹಾಕಿದರೆ ಎಷ್ಟೋ ಸೋಫಾ ಕಮ್ ಬೆಡ್‌ಗಿಂತ ಚೆನ್ನಾಗಿ ನಿದ್ದೆ ಬರುತ್ತೆ. ಗಂಟು ಕಟ್ಟಿದರೆ ಹತ್ತಿ ಹಿಂಜಿಸಿ ಮತ್ತೆ ಹೊಲಿಸಬಹುದು, ಫೋಮ್‌ಗೆ ಆ ಭಾಗ್ಯ ಇಲ್ಲ. ನಮ್ಮ ವಯಸ್ಸಿನವರು ಬಂದರೆ ಚಾಪೆ ಸಾಕು, ಅದಕ್ಕೆ ಸೋಫಾ ಕೊಳ್ಳೋದು ದಂಡ.

ಆದರೆ ಮುಂದಿನ ತಿಂಗಳು ಆಂಟಿ ಬರ್ತಿದ್ದಾರೆ. ಡಾಕ್ಟರು ಅವರನ್ನೇ ಕರ್ಕೊಂಡು ಬನ್ನಿ ಅಂದಿದ್ದಾರೆ, ಮೂರು ರಾತ್ರಿ ನಮ್ಮ ಫ್ಲ್ಯಾಟ್‌ನಲ್ಲೇ ಇರ್ತಾರೆ. ಅವರಿಗೆ ನೆಲದ ಮೇಲೆ ಕೂರೋಕೆ ಆಗಲ್ಲ. ಕೂತರೆ ಏಳೋಕೆ ಇಬ್ಬರು ಕೈ ಹಿಡಿಬೇಕು. ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಹೋಗಬೇಕು ಅಂದ್ರೆ ಮಗನ ಫ್ರೆಂಡ್ಸನ್ನ ಎಬ್ಬಿಸಿ 'ಎತ್ರಪಾ' ಅಂತ ಅವರು ಕರೀತಾರಾ? ಕರೆಯಲ್ಲ. ಬೆಳಗಿನವರೆಗೂ ತಡ್ಕೊಂಡು ಮಲಗಿರ್ತಾರೆ. ನಮ್ಮ ಪ್ರಕಾರ ಸೋಫಾ ಕಮ್ ಬೆಡ್ ಇರೋದೇ ಇಂಥವರಿಗೆ, ಮಂಡಿ ನೋವಿರೋರಿಗೆ. ಅವರಿಗೆ ಆಗಿ ಬಂದರೆ ಉಳಿದವರಿಗೆಲ್ಲ ಆಗುತ್ತೆ.

ಹೀಗೆ ಯೋಚನೆ ಮಾಡಿದಾಗ ನೋಡಬೇಕಾದ್ದೇ ಬದಲಾಯ್ತು. ಎತ್ತರ ಮುಖ್ಯ. ಕಾಲು ಕೆಳಗೆ ಬಿಟ್ಟು ಕೂತರೆ ಪಾದ ಪೂರ್ತಿ ನೆಲಕ್ಕೆ ಊರಬೇಕು, ಮಂಡಿ ಸೊಂಟಕ್ಕಿಂತ ಮೇಲೆ ಹೋಗಬಾರದು. ಸಾಮಾನ್ಯ ಕುರ್ಚಿಯಷ್ಟು, 16ರಿಂದ 18 ಇಂಚು ಇದ್ದರೆ ಸರಿ. ಅಂಗಡಿಯಲ್ಲಿ ಚಂದ ಕಾಣೋ ಎಷ್ಟೋ ಮಾಡೆಲ್‌ಗಳು ಬಿಚ್ಚಿದಮೇಲೆ ಒಂದಡಿ ಎತ್ತರಕ್ಕೆ ಇಳಿದುಬಿಡ್ತವೆ. ಬರೀ ಫೋಮಿನ ಮಡಚೋ ಮಾಡೆಲ್ ಅಂತೂ ಪೂರ್ತಿ ನೆಲಕ್ಕೇ ಬರುತ್ತೆ. ಅದಕ್ಕೆ ಬಿಚ್ಚಿದಮೇಲೆ ಅಳತೆ ತಗೋಬೇಕು, ಮಡಚಿದ್ದಾಗ ಅಲ್ಲ. ಎಳೆದ ಭಾಗದ ತುದಿಯಲ್ಲಿ ಜೋರಾಗಿ ಕೂತು ನೋಡಬೇಕು, ಯಾಕಂದ್ರೆ ವಯಸ್ಸಾದವರು ತುದಿಗೆ ಬಂದು, ಕೈ ಊರಿ ಏಳ್ತಾರೆ. ನಾವು ನೋಡಿದ ಒಂದರಲ್ಲಿ ತುದಿಗೆ ಕೂತರೆ ಹಿಂದಿನ ಕಾಲೇ ಮೇಲೆದ್ದಿತು. ಕೈ ಹಿಡಿಕೆ ಗಟ್ಟಿ ಇದ್ದರೆ ಇನ್ನೂ ಒಳ್ಳೇದು.

ಇನ್ನೊಂದು, ಹಾಲ್‌ನಲ್ಲಿ ಬಿಚ್ಚಿದಮೇಲೆ ದಾರಿ ಉಳಿಯುತ್ತಾ ಅನ್ನೋದು. ನಾವು ನೆಲದ ಮೇಲೆ ಚಾಕ್‌ನಲ್ಲಿ ಬಿಚ್ಚಿದ ಸೈಜ್ ಗೆರೆ ಎಳೆದು, ಲೈಟ್ ಆರಿಸಿ, ಒಬ್ಬೊಬ್ಬರಾಗಿ ಬಾತ್‌ರೂಮಿಗೆ ನಡೆದು ನೋಡಿದೆವು. ಐದಡಿ ಅಗಲದ್ದಾದರೆ ಶೂ ರ‍್ಯಾಕ್ ಮುಗ್ಗರಿಸಿ ಬೀಳೋದು ಗ್ಯಾರಂಟಿ. ನಾಲ್ಕಡಿ ಆದರೆ ದಾರಿ ಇದೆ. ಶೂ ರ‍್ಯಾಕ್ ಈಗ ಬಾಲ್ಕನಿಗೆ ಹೋಗಿದೆ. ಬಟ್ಟೆ ಕವರ್ರೋ ರೆಕ್ಸಿನ್ನೋ ಅನ್ನೋದಕ್ಕೆ ಜಾಸ್ತಿ ಚರ್ಚೆ ಬೇಡ: ರೆಕ್ಸಿನ್ ಮೇಲೆ ಬೆಡ್‌ಶೀಟ್ ನಿಲ್ಲಲ್ಲ, ಬೇಸಿಗೆಯಲ್ಲಿ ಬೆವರುತ್ತೆ. ಬಟ್ಟೆ, ಅದೂ ಜಿಪ್ ಇರೋದು.

ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯ್ತು. ಬೆಳಿಗ್ಗೆ ಮೆಟ್ರೋ ಹತ್ತಿ ನಾಗಸಂದ್ರದ ಐಕಿಯಾಕ್ಕೆ ಹೋದೆವು, ಕೊಳ್ಳೋಕಲ್ಲ, ಬೇರೆ ಬೇರೆ ಥರದ್ದರ ಮೇಲೆ ಮಲಗಿ ನೋಡೋಕೆ. ಮಧ್ಯಾಹ್ನ ಮೈಸೂರು ರಸ್ತೆ ಕಡೆಯ ಮರದ ಸಾಮಾನಿನ ಅಂಗಡಿಗಳು. ರೂಲ್ ಏನಂದ್ರೆ ಶೂ ಬಿಚ್ಚಿ, ಒಂದು ಮಗ್ಗುಲಾಗಿ, ಹತ್ತು ನಿಮಿಷ ಮಲಗಬೇಕು. ಅಂಗಾತ ಮಲಗಿದರೆ ಎಲ್ಲವೂ ಚೆನ್ನಾಗೇ ಅನ್ಸುತ್ತೆ, ಮಗ್ಗುಲಾದಾಗಲೇ ಭುಜಕ್ಕೆ, ಸೊಂಟದ ಮೂಳೆಗೆ ಅಡಿಯ ಹಲಗೆ ಸಿಗೋದು. ಒಂದು ಅಂಗಡಿಯಲ್ಲಿ ಮಾಲೀಕರಿಗೆ ನಮ್ಮ ಮೇಲೆ ಅನುಮಾನ ಬಂತು. 'ಏನ್ರಪ್ಪಾ, ಕಾಲೇಜ್ ಪ್ರಾಜೆಕ್ಟಾ?' ಅಂದರು. ಆಂಟಿ ವಿಷಯ ಹೇಳಿದಮೇಲೆ ಅವರ ಮಾತಿನ ಧಾಟಿಯೇ ಬದಲಾಯ್ತು. ನಾವು ಬೆರಳು ಮಾಡಿದ್ದ ದುಬಾರಿ ಮಾಡೆಲ್ ಪಕ್ಕಕ್ಕಿಟ್ಟು, 'ಮಂಡಿ ನೋವಿಗೆ ಇದು ಬೇಡ, ದಿವಾನ್ ತಗೊಳಿ' ಅಂದರು.

ದಿವಾನ್! ನಮ್ಮ ಮನೆಗಳಲ್ಲೆಲ್ಲ ಇದ್ದದ್ದು, ನಮಗೆ ಓಲ್ಡ್ ಫ್ಯಾಶನ್ ಅನ್ನಿಸಿದ್ದು. ಗೋಡೆಗೆ ಎರಡು ಲೋಡು ಒರಗಿಸಿದರೆ ಹಗಲು ಸೋಫಾ, ತೆಗೆದರೆ ರಾತ್ರಿ ಮಂಚ. ಕೀಲಿಲ್ಲ, ಜಾಯಿಂಟಿಲ್ಲ, ಎಳೆಯೋದಿಲ್ಲ. ಒಬ್ಬರೇ ನೆಂಟರು ಬರೋ ಮನೆಗೆ ಇದಕ್ಕಿಂತ ಒಳ್ಳೇ ಸೋಫಾ ಕಮ್ ಬೆಡ್ ಇಲ್ಲ ಅಂತ ನಾವು ಈಗ ಧೈರ್ಯವಾಗಿ ಹೇಳ್ತೀವಿ. ನಮ್ಮ ತೊಂದರೆ ಏನಂದ್ರೆ ಆಂಟಿ ಜೊತೆ ಅಂಕಲ್ಲೂ ಬರ್ತಾರೆ, ಮೂರಡಿ ಸಾಲದು. ಕೊನೆಗೆ ಅದೇ ಮಾಲೀಕರ ಹತ್ತಿರ ದಿವಾನ್ ಥರದ್ದೇ ಮರದ ಎಳೆಯೋ ಮಾಡೆಲ್ ಸಿಕ್ತು. ಬಿಚ್ಚಿದರೆ ಆರಡಿಗೆ ನಾಲ್ಕಡಿ, ಜಾಯಿಂಟ್ ಉದ್ದಕ್ಕೆ, ಎತ್ತರ 17 ಇಂಚು, ಫೋಮ್ ನಾಲ್ಕೂವರೆ ಇಂಚು. ತೂಗಿಯೂ ನೋಡಿದೆವು, ಅವರು ಹೇಳಿದ್ದು ಸುಳ್ಳಲ್ಲ. ಇಬ್ಬರಿಗೆ ನಾಲ್ಕಡಿ ಇಕ್ಕಟ್ಟೇ. ಅಂಕಲ್‌ಗೆ ಪಕ್ಕದಲ್ಲಿ ಹತ್ತಿ ಹಾಸಿಗೆ ಬೇರೆ ಹೊಲಿಸಿದ್ದೇವೆ, ಅವರಿಗೆ ನೆಲವೇ ಇಷ್ಟ ಅಂತ ನಮಗೆ ಗೊತ್ತಲ್ಲ.

ದುಡ್ಡಿನ ವಿಷಯ: ಹಳೇದನ್ನ 2,000ಕ್ಕೆ ಕೊಟ್ಟು, ತಲಾ ಮೂರು ಸಾವಿರ ಹಾಕಿದೆವು. ಫೆಸ್ಟಿನ ಟೀಶರ್ಟು, ವೀಕೆಂಡ್ ಬಿರಿಯಾನಿ ಎರಡು ತಿಂಗಳು ಬಂದ್. ಹಳೇದನ್ನ ತಗೊಂಡವರಿಗೆ ಪೈಪಿನ ವಿಷಯ ಹೇಳಿಯೇ ಕೊಟ್ಟೆವು. ಕೂರೋಕೆ ಮಾತ್ರ ಬೇಕು ಅಂದರು.

ಹೊಸದು ಬಂದಮೇಲೆ ನಾಲ್ಕೂ ಜನ ಒಂದೊಂದು ರಾತ್ರಿ ಅದರ ಮೇಲೆ ಮಲಗಿದ್ದೇವೆ, ಬೆಳಿಗ್ಗೆ ಸುಳ್ಳು ಹೇಳಬಾರದು ಅನ್ನೋ ಕಂಡೀಷನ್ ಮೇಲೆ. ಮೂವರಿಗೆ ಓಕೆ. ನಮ್ಮಲ್ಲಿ ಉದ್ದ ಇರೋನ ಕಾಲು ಆಚೆ ಬರುತ್ತೆ, ಆಂಟಿ ಐದಡಿ ಇರೋದರಿಂದ ಆ ಕಂಪ್ಲೇಂಟ್ ತಳ್ಳಿಹಾಕಿದೆವು. ನಿನ್ನೆ ರಾತ್ರಿ ಫೋನ್ ಸ್ಪೀಕರ್‌ಗೆ ಹಾಕಿ ಆಂಟಿಗೆ ಎಲ್ಲ ವಿವರಿಸಿದೆವು, ಎತ್ತರ, ಫೋಮು, ಎಲ್ಲ. ಪೂರ್ತಿ ಕೇಳಿಸಿಕೊಂಡು ಅಂದರು: 'ಯಾಕ್ ಇಷ್ಟ್ ಖರ್ಚ್ ಮಾಡೀರಿ, ನನಗ ಒಂದ್ ಚಾಪಿ ಇದ್ರ ಸಾಕಾಗಿತ್ತು.'