ಕಾಳಿಘಾಟದಲ್ಲಿ ಒಂದು ವಾರ

ಪರೀಕ್ಷೆ ಮುಗಿದೊಡನೆ ಗೆಳೆಯರೆಲ್ಲ ಊಟಿಗೆ ಹೊರಟರು. ಬೆಂಗಳೂರಿನ ಈ ವಿದ್ಯಾರ್ಥಿ ಕೋಲ್ಕತ್ತದ ದಾರಿ ಹಿಡಿದ. ಅಲ್ಲಿ ಕಾಳೀದೇವಾಲಯದ ಮಗ್ಗುಲಲ್ಲೇ, ಹಿಂದೆ ಯಾತ್ರಿಕರು ತಂಗುತ್ತಿದ್ದ ಕಟ್ಟಡದಲ್ಲಿ ‘ನಿರ್ಮಲ ಹೃದಯ’ವಿದೆ. ಬೀದಿಯಲ್ಲಿ ಸಾಯುತ್ತಿದ್ದವರಿಗಾಗಿ ಮದರ್ ತೆರೇಸಾ 1952ರಲ್ಲಿ ತೆರೆದ ಮನೆ ಅದು. “ಪಾದ್ರಿಗಳ ಸಹವಾಸ ನಮಗೇಕಪ್ಪಾ?” ಎಂದಿದ್ದರು ಅಜ್ಜಿ. ನೆರೆಯಲ್ಲೇ ಕಾಳಮ್ಮನಿದ್ದಾಳೆಂದು ಕೇಳಿದ ಮೇಲೆ ಅವರಿಗೆ ಅರ್ಧ ಸಮಾಧಾನವಾಯಿತು.

ವೈದ್ಯನಾಗಬೇಕೆಂದಿದ್ದ ಹುಡುಗನ ಕೈಗೆ ಸಿಕ್ಕಿದ್ದು ರೋಗಿಯ ನಾಡಿಯಲ್ಲ, ಒದ್ದೆ ಹೊದಿಕೆ. ಬೆಳಗ್ಗೆ ಸಂನ್ಯಾಸಿನಿಯರ ಮಠದಲ್ಲಿ ಚಹಾ, ಬ್ರೆಡ್ಡು, ಬಾಳೆಯಹಣ್ಣು. ಅನಂತರ ಬಟ್ಟೆ ಒಗೆಯುವುದು, ಅದೂ ಕೈಯಿಂದಲೇ. ಹಿಂಡಿ ಹಿಂಡಿ ಮೂರನೆಯ ದಿನಕ್ಕೆ ಬೆರಳುಗಳು ಬಿರಿದುವು. ಗುರುವಾರ ಸ್ವಯಂಸೇವಕರಿಗೆ ಬಿಡುವು. ಮುಚ್ಚಿಡುವುದೇಕೆ? ಅಂದು ಅವನು ಬೇಗನೆ ಊರಿಗೆ ಹಿಂದಿರುಗಲು ರೈಲಿದೆಯೇ ಎಂದು ಹುಡುಕಿದ.

ಶುಕ್ರವಾರ ಮೂಲೆಯ ಹಾಸಿಗೆಯ ಮುದುಕ “ಜೊಲ್” ಎಂದ. ಹುಡುಗ ಹೊದಿಕೆ ತಂದ. ಮುದುಕ ತಲೆಯಾಡಿಸಿದ. ದಿಂಬು ತಂದ. ಮತ್ತೆ “ಜೊಲ್”. ಪಕ್ಕದವನು ಲೋಟ ತೋರಿಸಿದಾಗ ಹೊಳೆಯಿತು: ಜಲ! ಸಂಧ್ಯಾವಂದನೆಯ ಕಾಲದಿಂದ ಬಲ್ಲ ಮಾತು, ಬಂಗಾಳಿಯ ಬಾಯಲ್ಲಿ ಗುರುತು ಸಿಕ್ಕಿರಲಿಲ್ಲ. ಮುದುಕ ಎರಡು ಗುಟುಕು ಕುಡಿದು, ಆ ಬಿರಿದ ಬೆರಳುಗಳನ್ನು ಹಿಡಿದುಕೊಂಡೇ ನಿದ್ದೆಹೋದ. ಅಂದು ಬಟ್ಟೆ ಒಗೆಯುವವರಲ್ಲಿ ಒಬ್ಬರು ಕಡಿಮೆಯಾದರು.

ಭಾನುವಾರ ಹೌರಾದಿಂದ ಹೊರಟ ಗಾಡಿಯಲ್ಲಿ, ಬೆಂಗಳೂರಿಗೆ ಇನ್ನೂ ಎರಡು ರಾತ್ರಿಗಳ ದಾರಿಯಿರುವಾಗ, ಕೆಳಗಿನ ಬರ್ತಿನ ಮಗುವೊಂದು ಅರೆನಿದ್ದೆಯಲ್ಲಿ “ಜೊಲ್” ಎಂದು ಅತ್ತಿತು. ತಾಯಿ ಕಣ್ಣು ಬಿಡುವ ಮುನ್ನವೇ ಮೇಲಿನಿಂದ ನೀರಿನ ಸೀಸೆಯೊಂದು ಕೆಳಗಿಳಿಯಿತು.